ಗುಡ್ಡೆ ಹತ್ತಲು ಯಾವ ಕ್ವಾಡ್? ಓದುಗರ ಪ್ರಶ್ನೆ, ಗ್ಯಾರೇಜಿನ ಉತ್ತರ

ಹೋದ ಸಂಚಿಕೆಯಲ್ಲಿ ಮಳೆಗಾಲಕ್ಕೆ ಜೀಪಿನ ಟಯರು ಹೇಗಿರಬೇಕು ಅಂತ ಎರಡು ಪುಟ ಬರೆದಿದ್ದೆ. ಕೊನೆಯಲ್ಲಿ ಸುಮ್ನೆ ಒಂದು ಸಾಲು ಎಟಿವಿ ಬಗ್ಗೆ ಸೇರಿಸಿದ್ದೆ. ಅದೇ, ಬೈಕಿನ ಹ್ಯಾಂಡಲ್, ಬೈಕಿನ ಸೀಟು, ಆದರೆ ನಾಲ್ಕು ದಪ್ಪ ಚಕ್ರ ಇರುವ ಗಾಡಿ, ಹುಡುಗರು ಕ್ವಾಡ್ ಅನ್ನುತ್ತಾರಲ್ಲ, ಅದು. ಜೀಪಿನ ಬಗ್ಗೆ ಒಬ್ಬರೂ ಕೇಳಲಿಲ್ಲ ಮಾರಾಯರೇ. ಬಂದದ್ದೆಲ್ಲ ಕ್ವಾಡ್ ಪ್ರಶ್ನೆಗಳೇ, ಅದರಲ್ಲೂ ಮುಕ್ಕಾಲು ಪಾಲು ರೇಸಿನದ್ದು. ಹಾಗಾಗಿ ಈ ಸಲ ಪೂರ್ತಿ ಅದೇ.

ಪ್ರಶ್ನೆ: ಅಣ್ಣಾ, ನನಗೆ 26 ವರ್ಷ. ಬದಿಯಡ್ಕದ ಹತ್ತಿರ ನಮ್ಮದು ಅಡಿಕೆ ತೋಟ. ರೇಸಿಗೆ ಇಳಿಯಬೇಕು ಅಂತ ಭಾರೀ ಆಸೆ. ತೋಟಕ್ಕೂ ಉಪಯೋಗ ಆಗುವುದಾದರೆ 5 ಲಕ್ಷ ಕೊಡುತ್ತೇನೆ ಅಂತ ಅಪ್ಪ ಹೇಳಿದ್ದಾರೆ. ವಾರವಿಡೀ ಗೊಬ್ಬರ, ಅಡಿಕೆ ಹೊರಬೇಕು, ಭಾನುವಾರ ರೇಸಿನಲ್ಲಿ ಓಡಬೇಕು. ಅಂಥ ಎಟಿವಿ ಯಾವುದು? (ಬದಿಯಡ್ಕದ ಓದುಗರು)

ಉತ್ತರ: ಅಂಥದ್ದು ಇಲ್ಲ ತಮ್ಮಾ. ನೀನು ಪೈವಳಿಕೆಯ ಕಂಬಳಕ್ಕೆ ಹೋಗಿರುತ್ತೀಯಲ್ಲ? ಅಲ್ಲಿ ಕನೆಹಲಗೆಯ ಕೋಣ ಬೇರೆ, ಹಗ್ಗದ್ದು ಬೇರೆ, ನೇಗಿಲಿನದ್ದು ಬೇರೆ. ಕನೆಹಲಗೆಯಲ್ಲಿ ನೀರು ಮೇಲಿನ ನಿಶಾನೆ ಮುಟ್ಟಬೇಕು, ನೇಗಿಲಿನಲ್ಲಿ ಓಟ ಮುಗಿಯುವ ಮಂಜೊಟ್ಟಿಯನ್ನು ಮೊದಲು ಮುಟ್ಟಬೇಕು. ಎಲ್ಲ ಕೋಣಗಳೂ ಕೆಸರಿನಲ್ಲೇ ಓಡುವುದು ಹೌದು, ಹಾಗಂತ ಒಂದನ್ನು ತಂದು ಎಲ್ಲದಕ್ಕೂ ಕಟ್ಟುವುದಿಲ್ಲ. ಎಟಿವಿಯದ್ದೂ ಅದೇ ಕಥೆ. ಹೆಸರು ಒಂದೇ, ಒಳಗೆ ಎರಡು ಬೇರೆ ಜಾತಿ.

ಮೊದಲನೆಯದು ಕೆಲಸದ ಕ್ವಾಡ್. ನಾಲ್ಕೂ ಚಕ್ರಕ್ಕೆ ಎಳೆತ ಇರುತ್ತದೆ, ಸ್ಕೂಟರಿನ ಹಾಗೆ ಬೆಲ್ಟಿನ ಆಟೊಮ್ಯಾಟಿಕ್ ಗೇರು, ಹಿಂದೆ ಮುಂದೆ ಸಾಮಾನು ಕಟ್ಟುವ ಕಬ್ಬಿಣದ ಕ್ಯಾರಿಯರು. ಪೊಲಾರಿಸ್ ಸ್ಪೋರ್ಟ್ಸ್‌ಮನ್ 570 ಈ ಜಾತಿಯದ್ದು. ತೂಕವೇ 300 ಕೆಜಿ ದಾಟುತ್ತದೆ. ಹಿಂದಿನ ಕ್ಯಾರಿಯರಿನಲ್ಲಿ 80 ಕೆಜಿ ಹೊರುತ್ತದೆ, ಅಂದರೆ ಒಂದು ಗೋಣಿ ಅಡಿಕೆ ಆರಾಮ. ಈ ಗಾಡಿಯನ್ನು ಟ್ರ್ಯಾಕ್ಟರ್ ಲೆಕ್ಕದಲ್ಲಿ ನೋಂದಣಿ ಮಾಡಿಸುವಂಥ ಆವೃತ್ತಿಯನ್ನೂ ಕಂಪನಿ ನಮ್ಮ ದೇಶದಲ್ಲಿ ತಂದಿತ್ತು. ತೋಟಕ್ಕೆ ಇದು ಸರಿ. ಅಡಿಕೆ ಮರಗಳ ನಡುವೆ 9 ಅಡಿ ಅಂತರ ಬಿಟ್ಟು ನೆಟ್ಟಿದ್ದರೆ ನಾಲ್ಕಡಿ ಅಗಲದ ಗಾಡಿ ಧಾರಾಳ ಹೋಗುತ್ತದೆ, ನೀರಿನ ಕಣಿ ದಾಟಲು ಹಲಗೆ ಹಾಕಿಕೊಂಡರೆ ಆಯಿತು. ಆದರೆ ಇದನ್ನು ರೇಸಿನಲ್ಲಿ ಗಾಳಿಗೆ ಹಾರಿಸಿದರೆ ಇಳಿಯುವಾಗ ನಿನ್ನ ಸೊಂಟ ಮೊದಲು ಹೋಗುತ್ತದಾ ಗಾಡಿಯ ಶಾಕ್ ಮೊದಲು ಹೋಗುತ್ತದಾ ಎನ್ನುವುದಷ್ಟೇ ಪ್ರಶ್ನೆ.

ಎರಡನೆಯದು ಸ್ಪೋರ್ಟ್ ಕ್ವಾಡ್, ರೇಸಿನದ್ದು. ಹಿಂದಿನ ಎರಡು ಚಕ್ರಕ್ಕೆ ಮಾತ್ರ ಎಳೆತ, ಚೈನ್, ಕೈಯಲ್ಲಿ ಕ್ಲಚ್, ಕಾಲಲ್ಲಿ ಗೇರು. ಯಮಹಾ ವೈಎಫ್‌ಝಡ್450ಆರ್ ತೆಗೆದುಕೋ, ಪೆಟ್ರೋಲು ಆಯಿಲು ತುಂಬಿದರೂ 185 ಕೆಜಿ ಆಸುಪಾಸು. ರಿವರ್ಸ್ ಗೇರು ಕೂಡ ಇಲ್ಲ! ತೋಟದ ಮೂಲೆಯಲ್ಲಿ ಸಿಕ್ಕಿಹಾಕಿಕೊಂಡರೆ ಇಳಿದು ನೀನೇ ಹಿಂದಕ್ಕೆ ಎಳೆಯಬೇಕು. ಸಾಮಾನು ಕಟ್ಟಲು ಜಾಗವೇ ಇಲ್ಲ. ಇನ್ನೊಂದು ವಿಷಯ ಹೊಸಬರಿಗೆ ಗೊತ್ತಿರುವುದಿಲ್ಲ, ಇದರ ಹಿಂದಿನ ಆಕ್ಸಲ್ ಒಂದೇ ತುಂಡು, ಕಾರಿನ ಹಾಗೆ ಡಿಫರೆನ್ಶಿಯಲ್ ಇಲ್ಲ. ತಿರುವಿನಲ್ಲಿ ಒಳಗಿನ ಚಕ್ರ ನಿಧಾನ ತಿರುಗಬೇಕು, ಹೊರಗಿನದು ಬೇಗ ತಿರುಗಬೇಕು, ಆದರೆ ಎರಡೂ ಒಂದೇ ಸರಳಿಗೆ ಬಿಗಿದಿರುವುದರಿಂದ ಏನಾದರೂ ಒಂದು ಜಾರಲೇಬೇಕು. ಮಣ್ಣಿನಲ್ಲಿ ಜಾರುತ್ತದೆ, ಚಂದ ತಿರುಗುತ್ತದೆ. ಡಾಂಬರಿನಲ್ಲಿ ಜಾರುವುದಿಲ್ಲ, ಗಾಡಿ ನೆಟ್ಟಗೆ ಹೋಗುತ್ತದೆ ಇಲ್ಲವೇ ಮಗುಚುತ್ತದೆ. ಬೈಕ್ ಓಡಿಸಿದವರು ಗಾಡಿಯನ್ನು ಓರೆ ಮಾಡಲು ನೋಡುತ್ತಾರೆ, ಇಲ್ಲಿ ಗಾಡಿ ಓರೆ ಆಗುವುದಿಲ್ಲ, ನೀನೇ ಸೀಟಿನಿಂದ ಜರುಗಿ ತಿರುವಿನ ಒಳಗಡೆಗೆ ಮೈ ಹಾಕಬೇಕು. ಸೀಟು ಉದ್ದ ಇರುವುದು ಅದಕ್ಕೇ. ಹಿಂದೆ ತಂಗಿಯನ್ನು ಕೂರಿಸಿಕೊಂಡು ಹೋಗಲಿಕ್ಕಲ್ಲ.

ಈಗ ದುಡ್ಡಿನ ವಿಷಯ. ಈ 450ರ ಬೆಲೆ ಅಮೆರಿಕದಲ್ಲೇ ಸುಮಾರು 10 ಸಾವಿರ ಡಾಲರ್. ಹಡಗು, ಸುಂಕ ಎಲ್ಲ ಸೇರಿದರೆ ನಿನ್ನ 5 ಲಕ್ಷ ಎಲ್ಲಿಗೂ ಸಾಲದು. ಅಪ್ಪನಿಗೆ ಸುಳ್ಳು ಹೇಳಿ ರೇಸಿನ ಗಾಡಿ ತರಬೇಡ, ನಾಳೆ ಗೊಬ್ಬರ ಹೊರಲಾಗದಿದ್ದಾಗ ಮನೆಯಲ್ಲಿ ರಾಮಾಯಣ ಆಗುತ್ತದೆ.

ನನ್ನನ್ನು ಕೇಳಿದರೆ, ಗಾಡಿಯಿಂದ ಶುರು ಮಾಡಲೇಬೇಡ. ರೇಸಿನಿಂದ ಶುರು ಮಾಡು. ನೀನು ಹೋಗಬಹುದಾದ ದೂರದಲ್ಲಿ ಯಾವ ರೇಸು ನಡೆಯುತ್ತದೆ, ಅದರಲ್ಲಿ ಕ್ವಾಡ್‌ಗೆ ವಿಭಾಗ ಇದೆಯಾ, ಎಷ್ಟು ಸಿಸಿ ತನಕ ಬಿಡುತ್ತಾರೆ, ಅದನ್ನು ಕೇಳು. ನಮ್ಮ ಕಡೆಯ ಮಣ್ಣಿನ ರೇಸುಗಳಲ್ಲಿ ಬೈಕಿಗೆ ವಿಭಾಗ ಇರುತ್ತದೆ, ಜೀಪು ಜಿಪ್ಸಿಗೆ ಇರುತ್ತದೆ, ಕ್ವಾಡ್‌ಗೆ ಹೆಚ್ಚಿನ ಕಡೆ ಇರುವುದಿಲ್ಲ. ರೇಡ್ ಡಿ ಹಿಮಾಲಯ, ಡೆಸರ್ಟ್ ಸ್ಟಾರ್ಮ್‌ನಂಥ ದೊಡ್ಡ ರ‍್ಯಾಲಿಗಳಲ್ಲಿ ಬೈಕುಗಳ ಜೊತೆ ಕ್ವಾಡ್‌ಗಳೂ ಓಡಿದ್ದಿವೆ, ಆದರೆ ಅದು ಹಿಮಾಚಲ, ಲಡಾಖ್, ರಾಜಸ್ಥಾನದ ಮಾತು. ಅಲ್ಲಿಗೆ ಗಾಡಿ ಲಾರಿಯಲ್ಲಿ ಹೋಗಬೇಕು, ಮೆಕ್ಯಾನಿಕ್ ಜೊತೆಗಿರಬೇಕು. ಎಫ್‌ಎಂಎಸ್‌ಸಿಐ ಅಂತ ದೇಶದ ಮೋಟರ್ ಕ್ರೀಡೆಯ ಒಕ್ಕೂಟ ಇದೆ, ಅಧಿಕೃತ ರೇಸಾದರೆ ಅದರ ಸ್ಪರ್ಧಾ ಲೈಸೆನ್ಸ್ ಬೇಕು. ಮನೆಯಲ್ಲಿರುವ ಡ್ರೈವಿಂಗ್ ಲೈಸೆನ್ಸ್ ಸಾಲದು.

ಇಷ್ಟೆಲ್ಲ ಕೇಳಿದ ಮೇಲೂ ರೇಸಿನ ಹುಚ್ಚು ಇಳಿಯದಿದ್ದರೆ ಒಂದು ಹೀರೊ ಎಕ್ಸ್‌ಪಲ್ಸ್ 200 ಬೈಕು ತೆಗೆದುಕೋ, ಮಣ್ಣಿನ ಟಯರು ಹಾಕು, ಎರಡು ವರ್ಷ ಓಡಿಸು. ಪಾರ್ಟು ಕಾಸರಗೋಡಿನಲ್ಲೂ ಸಿಗುತ್ತದೆ, ಮಂಗಳೂರಿನಲ್ಲೂ ಸಿಗುತ್ತದೆ. ಉಳಿದ ದುಡ್ಡಿನಲ್ಲಿ ಹೆಲ್ಮೆಟ್ಟು, ಗಾಗಲ್, ಮೊಣಕಾಲಿನ ತನಕ ಬರುವ ಬೂಟು, ಎದೆಯ ಗಾರ್ಡು ಇವೆಲ್ಲ ಒಳ್ಳೆಯದು ನೋಡಿ ತೆಗೆದುಕೋ. ಅಪ್ಪನಿಗೆ ತೋಟಕ್ಕೆ ಬೇಕಾದ ಗಾಡಿ ಅಪ್ಪನೇ ತೆಗೆದುಕೊಳ್ಳಲಿ.

ಪ್ರಶ್ನೆ: ನಾನು ದುಬೈಯಲ್ಲಿ 9 ವರ್ಷ ಇದ್ದೆ. ಶುಕ್ರವಾರ ಸ್ನೇಹಿತರೊಟ್ಟಿಗೆ ಮರಳಿನಲ್ಲಿ ಬಾಡಿಗೆಯ ರ‍್ಯಾಪ್ಟರ್ 700 ಓಡಿಸಿ ಅಭ್ಯಾಸ ಇದೆ. ಈಗ ಊರಿಗೆ ಬರುತ್ತಿದ್ದೇನೆ. ಬರುವಾಗ ಒಂದು ರ‍್ಯಾಪ್ಟರ್ ತರೋಣವಾ, ಇಲ್ಲ ರೇಸಿಗೆ 450 ಒಳ್ಳೆಯದಾ? 700 ಅಂದರೆ ಶಕ್ತಿ ಜಾಸ್ತಿ ಅಲ್ವಾ? (ಉಪ್ಪಳದ ಓದುಗರು)

ಉತ್ತರ: ಶಕ್ತಿ ಜಾಸ್ತಿ ನಿಜ. ಆದರೆ ಅದು ಯಾವ ಜಾಗಕ್ಕೆ ಅಂತ ನೋಡಬೇಕು ಸಾಹೇಬರೇ.

ಯಮಹಾ ಕಂಪನಿಯ ಈ ರ‍್ಯಾಪ್ಟರ್ 700 ಬಂದದ್ದು 2006ರಲ್ಲಿ, 686 ಸಿಸಿಯ ಒಂದೇ ಸಿಲಿಂಡರು. ಎಕ್ಸಿಲೇಟರ್ ಸ್ವಲ್ಪ ತಿರುಗಿಸಿದರೂ ಕೆಳಗಿನಿಂದಲೇ ಎಳೆಯುತ್ತದೆ, ಗೇರು ಪದೇ ಪದೇ ಬದಲಿಸಬೇಕಿಲ್ಲ, ರಿವರ್ಸ್ ಇದೆ. ಅಯ್ಯೋ, ತಿರುಗಿಸುವುದು ಅಂತ ಬರೆದೆ ನೋಡಿ, ಬೈಕಿನ ಅಭ್ಯಾಸ. ಕ್ವಾಡ್‌ನಲ್ಲಿ ಹೆಬ್ಬೆರಳಿನಿಂದ ಒತ್ತುವುದು. ನಿಮಗೆ ಗೊತ್ತಿರುವುದೇ. ದೂರ ದೂರದ ಓಟಕ್ಕೆ, ಮರಳಿಗೆ ಇದರಷ್ಟು ಹದವಾದದ್ದು ಇನ್ನೊಂದಿಲ್ಲ. ಮರುಭೂಮಿಯ ದೊಡ್ಡ ಓಟ ಡಾಕಾರ್ ರ‍್ಯಾಲಿಯಲ್ಲಿ ಕ್ವಾಡ್‌ಗೆ ಪ್ರತ್ಯೇಕ ವಿಭಾಗ 2009ರಲ್ಲಿ ಶುರುವಾಯಿತು, 2024ರಲ್ಲಿ ಕೊನೆಯ ಸಲ ನಡೆಯಿತು, ಅಷ್ಟೂ ಸಲ ಗೆದ್ದದ್ದು ಯಮಹಾ ಗಾಡಿಗಳೇ. ಅರ್ಜೆಂಟೀನಾದ ಪಾಟ್ರೊನೆಲ್ಲಿ ಅಣ್ಣ ತಮ್ಮ ಇಬ್ಬರೇ 2010ರಿಂದ 2013ರ ತನಕ ನಾಲ್ಕು ವರ್ಷ ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ. 2025ರಿಂದ ಆ ವಿಭಾಗವನ್ನೇ ತೆಗೆದುಬಿಟ್ಟರು, ಈಗ ಅಲ್ಲಿ ಸ್ಟಿಯರಿಂಗ್, ಅಕ್ಕಪಕ್ಕ ಎರಡು ಸೀಟು, ಸುತ್ತ ಕಬ್ಬಿಣದ ಪಂಜರ ಇರುವ ಸೈಡ್ ಬೈ ಸೈಡ್ ಗಾಡಿಗಳ ಕಾಲ.

450 ಬೇರೆಯದೇ ಸ್ವಭಾವ. ಎಂಜಿನ್ ಕೂಗಿಸಿದರೆ ಮಾತ್ರ ಓಡುತ್ತದೆ. ಮೋಟೊಕ್ರಾಸ್ ಟ್ರ್ಯಾಕಿನಲ್ಲಿ ಮಣ್ಣಿನ ದಿಬ್ಬದಿಂದ ದಿಬ್ಬಕ್ಕೆ ಹಾರಿ ಇಳಿಯಬೇಕು, ತಕ್ಷಣ ತಿರುಗಬೇಕು, ಅಲ್ಲಿ ಹಗುರ ಇದ್ದವನೇ ಗೆಲ್ಲುವುದು. ಅಮೆರಿಕದ ಮೋಟೊಕ್ರಾಸ್‌ನಲ್ಲಿ ದೊಡ್ಡ ರೇಸರುಗಳು ಓಡಿಸುವುದು 450ನ್ನೇ. 2004ರಿಂದ 2008ರ ನಡುವೆ ಯಮಹಾ, ಹೋಂಡಾ, ಸುಜುಕಿ, ಕವಾಸಾಕಿ, ಕ್ಯಾನ್ ಆಮ್ ಎಲ್ಲರೂ ಒಬ್ಬರ ಮೇಲೆ ಒಬ್ಬರು 450 ತಂದರು, ಆಮೇಲೆ ಯಮಹಾ ಬಿಟ್ಟು ಉಳಿದವರು ಒಬ್ಬೊಬ್ಬರಾಗಿ ನಿಲ್ಲಿಸಿದರು. ಹಳೆಯ ಹೋಂಡಾ 450 ಅಗ್ಗಕ್ಕೆ ಸಿಕ್ಕಿತು ಅಂತ ಕುಣಿಯುವ ಮೊದಲು ಅದರ ಪಾರ್ಟು ಯಾರು ತರಿಸಿಕೊಡುತ್ತಾರೆ ಅಂತ ಯೋಚಿಸಿ.

ಅಗಲವನ್ನೂ ನೋಡಬೇಕು. ರ‍್ಯಾಪ್ಟರ್ 46 ಇಂಚು ಆಸುಪಾಸು, ವೈಎಫ್‌ಝಡ್450ಆರ್ 49 ಇಂಚಿನ ಹತ್ತಿರ. ಅಗಲ ಇದ್ದಷ್ಟು ತಿರುವಿನಲ್ಲಿ ಮಗುಚುವ ಹೆದರಿಕೆ ಕಡಿಮೆ, ಅದಕ್ಕೇ ಮೋಟೊಕ್ರಾಸ್‌ನವರಿಗೆ ಅಗಲ ಬೇಕು. ಕಾಡಿನ ದಾರಿಯಲ್ಲಿ ಎರಡು ಗಂಟೆ ಓಡುವ ಕ್ರಾಸ್ ಕಂಟ್ರಿ ರೇಸಿನವರಿಗೆ ಅದೇ ಅಗಲ ಶತ್ರು, ಮರಕ್ಕೆ ಚಕ್ರ ತಾಗಿದರೆ ಹ್ಯಾಂಡಲ್ ಕೈ ತಿರುಚಿಬಿಡುತ್ತದೆ.

ನಮ್ಮ ಊರಿನ ನೆಲ ನಿಮಗೆ ನೆನಪಿರಲಿ. ಅಲ್ಲಿಯದು ಮೆತ್ತಗಿನ ಮರಳು, ಬಿದ್ದರೂ ಹಾಸಿಗೆ. ಇಲ್ಲಿ ಪದವಿನ ಮುರಕಲ್ಲು, ಬೇಸಿಗೆಯಲ್ಲಿ ಅದರ ಮೇಲೆ ಸಣ್ಣ ಕಲ್ಲುಹುಡಿ ಗೋಲಿ ಚೆಲ್ಲಿದ ಹಾಗೆ, ಮಳೆಗಾಲದಲ್ಲಿ ಹಾವಸೆ ಹಿಡಿದು ಸೋಪು ಹಚ್ಚಿದ ಹಾಗೆ. 700ರ ಎಳೆತ ಇಲ್ಲಿ ಉಪಯೋಗಕ್ಕಿಂತ ತಲೆನೋವೇ ಜಾಸ್ತಿ. ಬಿದ್ದರೆ ಮುರಕಲ್ಲು ಚರ್ಮ ಬಿಡುವುದಿಲ್ಲ.

ತರುವ ವಿಷಯ: ಓಡಿಸಿದ ಹಳೆ ಗಾಡಿ ಆದರೆ ತಯಾರಾಗಿ 3 ವರ್ಷಕ್ಕಿಂತ ಜಾಸ್ತಿ ಆಗಿರಬಾರದು, ಬಂದಿಳಿಯಬೇಕಾದ್ದು ಮುಂಬಯಿ ಬಂದರಿನಲ್ಲಿ ಎಂಬಂಥ ನಿಯಮಗಳಿವೆ. ಮನೆ ಸಾಮಾನಿನ ಕಂಟೇನರಿನಲ್ಲಿ ಫ್ರಿಜ್ಜಿನ ಪಕ್ಕ ಇಟ್ಟು ತಂದುಬಿಡೋಣ ಅಂದುಕೊಳ್ಳಬೇಡಿ. ಮೊದಲು ಕಸ್ಟಮ್ಸ್ ಏಜೆಂಟರ ಹತ್ತಿರ ಲೆಕ್ಕ ಬರೆಸಿಕೊಳ್ಳಿ, ಆ ಕಾಗದ ನೋಡಿದ ಮೇಲೂ ಮನಸ್ಸು ಹಾಗೇ ಇದ್ದರೆ ಆಮೇಲೆ ಮಾತಾಡೋಣ. ನನ್ನ ಸಲಹೆ, ರ‍್ಯಾಪ್ಟರ್ ಅಲ್ಲೇ ಇರಲಿ. ರಜೆಗೆ ಹೋದಾಗ ಓಡಿಸಿ.

ಪ್ರಶ್ನೆ: ಮೂರು ಚಕ್ರದ ಎಟಿವಿ ಚಿತ್ರ ನೋಡಿದೆ. ಭಾರೀ ಚಂದ ಉಂಟು. ಈಗಲೂ ಸಿಗುತ್ತದಾ? (ಪೆರ್ಲದ ಓದುಗರು)

ಉತ್ತರ: ಹೊಸದು ಸಿಗುವುದಿಲ್ಲ. ಎಟಿವಿ ಶುರುವಾದದ್ದೇ ಮೂರು ಚಕ್ರದಿಂದ, ಹೋಂಡಾ 1970ರಲ್ಲಿ ತಂದದ್ದು. ಮುಂದೆ ಒಂದು, ಹಿಂದೆ ಎರಡು ಬಲೂನಿನಂಥ ಟಯರು. ನಮ್ಮ ಆಟೊರಿಕ್ಷಾ ತಿರುವಿನಲ್ಲಿ ಒಂದು ಚಕ್ರ ಎತ್ತುವುದನ್ನು ನೋಡಿದ್ದೀರಲ್ಲ, ಇದು ಅದರ ಅಪ್ಪ. ಕೈಕಾಲು ಮುರಿದುಕೊಂಡವರು, ಸತ್ತವರು ಲೆಕ್ಕ ಮೀರಿದ ಮೇಲೆ 1988ರಲ್ಲಿ ಅಮೆರಿಕದಲ್ಲಿ ಸರಕಾರಕ್ಕೂ ಕಂಪನಿಗಳಿಗೂ ಕೋರ್ಟಿನಲ್ಲಿ ಒಪ್ಪಂದ ಆಗಿ ಮಾರಾಟವೇ ನಿಂತಿತು. ಅಷ್ಟರೊಳಗೆ ಸುಜುಕಿ ನಾಲ್ಕು ಚಕ್ರದ್ದನ್ನು ತಂದಾಗಿತ್ತು. ಚಿತ್ರದಲ್ಲೇ ಚಂದ, ಬಿಡಿ.

ಪ್ರಶ್ನೆ: ಸರ್, ನನ್ನ ಮಗನಿಗೆ 11 ವರ್ಷ. ಆನ್‌ಲೈನಿನಲ್ಲಿ 110 ಸಿಸಿ ಎಟಿವಿ ನೋಡಿ ಹಟ ಹಿಡಿದಿದ್ದಾನೆ. ಮುಂದೆ ರೇಸರ್ ಆಗುತ್ತಾನಂತೆ. ಅವನ ಮಾವ ಹುಟ್ಟುಹಬ್ಬಕ್ಕೆ ಕೊಡಿಸುತ್ತೇನೆ ಅಂತ ಮಾತು ಕೊಟ್ಟಿದ್ದಾರೆ. ಸಣ್ಣ ಗಾಡಿ ಅಲ್ವಾ, ಅಂಗಳದಲ್ಲಿ ಓಡಿಸಿದರೆ ಏನಾದರೂ ತೊಂದರೆ ಇದೆಯಾ? (ಮುಳ್ಳೇರಿಯದ ತಾಯಿ)

ಉತ್ತರ: ಅಮ್ಮಾ, ಬೇಡ. ಕಾರಣ ಹೇಳುತ್ತೇನೆ, ಮಾವನಿಗೆ ಓದಿ ಹೇಳಿ.

ಸಿಸಿ ಸಣ್ಣದಾದರೂ ಗಾಡಿಯ ತೂಕ ನಿಮ್ಮ ಮಗನ ಎರಡು ಮೂರು ಪಟ್ಟು. ಮೇಲೆ ಬರೆದೆನಲ್ಲ, ಕ್ವಾಡ್ ತಿರುಗುವುದು ಮೈಯ ಭಾರದಿಂದ ಅಂತ. ಅಷ್ಟು ಹಗುರದ ಮಗು ಎಷ್ಟು ಬಗ್ಗಿದರೂ ಗಾಡಿಗೆ ಅದು ತಾಗುವುದೇ ಇಲ್ಲ. ಮಗುಚಿದರೆ ಬೈಕಿನ ಹಾಗೆ ಪಕ್ಕಕ್ಕೆ ಬೀಳುವುದಿಲ್ಲ, ಮೇಲೆಯೇ ಬೀಳುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 16 ವರ್ಷದೊಳಗಿನವರು ಎಟಿವಿ ಓಡಿಸಲೇಬಾರದು ಅನ್ನುತ್ತದೆ. ಅಷ್ಟು ಬಿಗಿ ಮಾಡದ ಹಳೆಯ ಮಾರ್ಗಸೂಚಿ ಕೂಡ 6ರಿಂದ 11 ವರ್ಷದವರಿಗೆ 70 ಸಿಸಿಗಿಂತ ಕೆಳಗಿನದು, 12ರಿಂದ 15ಕ್ಕೆ 70ರಿಂದ 90 ಅಂತ ಇತ್ತು. ಅಂದರೆ 110 ಸಿಸಿ ಯಾವ ಲೆಕ್ಕದಲ್ಲೂ ನಿಮ್ಮ ಹುಡುಗನ ಗಾಡಿ ಅಲ್ಲ.

ಇನ್ನು ಅಂಗಳ ಅನ್ನುತ್ತೀರಿ. ಅಂಗಳದಲ್ಲಿ ಅಡಿಕೆ ಒಣಗಲು ಹಾಕಿದಾಗ ಎಲ್ಲಿ ಓಡಿಸುತ್ತಾನೆ? ರಸ್ತೆಗೆ ಇಳಿಯುತ್ತಾನೆ, ಇಳಿದೇ ಇಳಿಯುತ್ತಾನೆ. 2019ರ ತಿದ್ದುಪಡಿ ಆದ ಮೇಲೆ ಮೋಟರು ವಾಹನ ಕಾಯ್ದೆಯಲ್ಲಿ, ಅಪ್ರಾಪ್ತರು ರಸ್ತೆಯಲ್ಲಿ ತಪ್ಪು ಮಾಡಿದರೆ ಹೆತ್ತವರಿಗೆ 25 ಸಾವಿರ ದಂಡ, 3 ವರ್ಷದ ತನಕ ಜೈಲು ಇದೆ. ಹುಡುಗನಿಗೆ 25 ವರ್ಷ ಆಗುವ ತನಕ ಲೈಸೆನ್ಸೂ ಸಿಗುವುದಿಲ್ಲ. ರೇಸರ್ ಆಗುವ ಹುಡುಗನಿಗೆ ಇದು ಒಳ್ಳೆಯ ಆರಂಭವಾ?

ಮಾವನಿಗೆ ದುಡ್ಡು ಖರ್ಚು ಮಾಡಲೇಬೇಕು ಅಂತಿದ್ದರೆ ಒಂದು ಒಳ್ಳೆಯ ಗೇರು ಸೈಕಲ್ ಕೊಡಿಸಲಿ. ತಮಾಷೆ ಅಲ್ಲ. ಮಣ್ಣಿನಲ್ಲಿ ಬ್ರೇಕ್ ಯಾವಾಗ ಹಿಡಿಯಬೇಕು, ದಾರಿಯಲ್ಲಿ ಎಲ್ಲಿ ಕಣ್ಣಿಡಬೇಕು, ನಿಂತುಕೊಂಡು ಹೇಗೆ ಓಡಿಸಬೇಕು, ಎಲ್ಲವನ್ನೂ ಸೈಕಲ್ಲೇ ಕಲಿಸುತ್ತದೆ. ನಾನು ಕಲಿತದ್ದು ಬೇಳದ ಗುಡ್ಡೆಯಲ್ಲಿ ಬಾಡಿಗೆ ಸೈಕಲಿನಲ್ಲಿ.

ಪ್ರಶ್ನೆ: ನಾವು ಎಂಜಿನಿಯರಿಂಗ್ ಎರಡನೇ ವರ್ಷದವರು. ಬಾಹಾ ಸ್ಪರ್ಧೆಗೆ ಎಟಿವಿ ನಾವೇ ಕಟ್ಟಬೇಕು ಅಂತ ಹೊರಟಿದ್ದೇವೆ. ಶಕ್ತಿ ಜಾಸ್ತಿ ಮಾಡುವುದು ಹೇಗೆ ಅಂತ ಸೀನಿಯರ್ಸ್ ಕೇಳಿದರೂ ಹೇಳುವುದಿಲ್ಲ. (ಕಾಸರಗೋಡಿನ ವಿದ್ಯಾರ್ಥಿಗಳು)

ಉತ್ತರ: ಸೀನಿಯರ್ಸ್ ಮುಚ್ಚಿಡುತ್ತಿಲ್ಲ, ಹೇಳಲು ಏನೂ ಇಲ್ಲ, ಅಷ್ಟೇ! ಗೊತ್ತಿಲ್ಲದವರಿಗೆ ಹೇಳುತ್ತೇನೆ, ಬಾಹಾ ಅಂದರೆ ವಿದ್ಯಾರ್ಥಿಗಳು ಒಬ್ಬರು ಕೂರುವ, ಪಂಜರದಂಥ ಗುಡ್ಡೆ ಗಾಡಿಯನ್ನು ತಾವೇ ವಿನ್ಯಾಸ ಮಾಡಿ, ಬೆಸುಗೆ ಹಾಕಿ, ಓಡಿಸಿ ತೋರಿಸುವ ಸ್ಪರ್ಧೆ. ಅಮೆರಿಕದಲ್ಲಿ 1976ರಲ್ಲಿ ಶುರು, ನಮ್ಮ ದೇಶದಲ್ಲಿ 2007ರಿಂದ, ಮಧ್ಯಪ್ರದೇಶದ ಪೀತಾಂಪುರದಲ್ಲಿ. ಇದರ ಮಜಾ ಇರುವುದೇ ಇಲ್ಲಿ: ಎಂಜಿನ್ ಎಲ್ಲರಿಗೂ ಒಂದೇ, ಬಿಚ್ಚಿ ತಿದ್ದುವಂತಿಲ್ಲ. ವರ್ಷಗಟ್ಟಲೆ 10 ಎಚ್‌ಪಿಯ ಬ್ರಿಗ್ಸ್ ಆ್ಯಂಡ್ ಸ್ಟ್ರ್ಯಾಟನ್ ಎಂಜಿನನ್ನೇ ಎಲ್ಲರೂ ಹಾಕುತ್ತಿದ್ದರು. ನಿಮ್ಮ ಬೈಕಿನ ಶಕ್ತಿಗಿಂತ ಕಡಿಮೆ.

ಹಾಗಾಗಿ ಶಕ್ತಿ ಬಿಡಿ, ತೂಕ ಹಿಡಿಯಿರಿ. ಪಂಜರದ ಮುಖ್ಯ ಪೈಪಿಗೆ ನಿಯಮದಲ್ಲಿ ಅಳತೆ ಇದೆ, 25 ಮಿಲಿಮೀಟರ್ ದಪ್ಪ, 3 ಮಿಲಿಮೀಟರ್ ಗೋಡೆ, ಉಕ್ಕಿನಲ್ಲಿ ಇಂಗಾಲ ಕನಿಷ್ಠ 0.18 ಶೇಕಡಾ. ಆದರೆ ಅಷ್ಟೇ ಗಟ್ಟಿ ಅಂತ ಲೆಕ್ಕ ತೋರಿಸಿದರೆ ಬೇರೆ ಅಳತೆಗೂ ಅವಕಾಶ ಇದೆ. 4130 ಅನ್ನುವ ಗಟ್ಟಿ ಜಾತಿಯ ಉಕ್ಕಿನಲ್ಲಿ ಸ್ವಲ್ಪ ದೊಡ್ಡ ಸುತ್ತಳತೆಯ, ತೆಳು ಗೋಡೆಯ ಪೈಪು ಹಾಕಿ ಜಾಣ ತಂಡಗಳು ಕೆಜಿಗಟ್ಟಲೆ ಉಳಿಸುತ್ತವೆ. ಬಿದಿರು ಯಾಕೆ ಟೊಳ್ಳು ಅಂತ ಯೋಚಿಸಿ, ಅರ್ಥ ಆಗುತ್ತದೆ. ಆಮೇಲೆ ಬೆಲ್ಟಿನ ಗೇರು, ಅಂದರೆ ಸಿವಿಟಿ. ಎಂಜಿನ್ ಯಾವ ವೇಗದಲ್ಲಿ ಜಾಸ್ತಿ ಶಕ್ತಿ ಕೊಡುತ್ತದೋ ಅಲ್ಲೇ ಅದನ್ನು ಹಿಡಿದಿಡುವ ಹಾಗೆ ಅದರ ಸ್ಪ್ರಿಂಗು, ತೂಕದ ಬಿಲ್ಲೆಗಳನ್ನು ಹದ ಮಾಡಬೇಕು, ಇದಕ್ಕೆ ಪುಸ್ತಕಕ್ಕಿಂತ ಓಡಿಸಿ ಬದಲಿಸಿ ಮತ್ತೆ ಓಡಿಸುವುದೇ ದಾರಿ. ಒಂದೊಂದು ಸಲವೂ ಬರೆದಿಡಿ.

ಕೊನೆಯ ಎಂಡ್ಯೂರೆನ್ಸ್ ಓಟ ನಾಲ್ಕು ಗಂಟೆ. ಅಲ್ಲಿ ವೇಗದವರಿಗಿಂತ ಮುರಿಯದವರು ಮುಂದೆ ಬರುತ್ತಾರೆ. ಟೈ ರಾಡ್, ಚಕ್ರದ ನಕಲ್, ಡ್ರೈವ್ ಶಾಫ್ಟ್ ಜಾಯಿಂಟ್, ಹೋಗುವುದು ಇವೇ. ಜೂನ್ ತಿಂಗಳಲ್ಲಿ ಗಾಡಿ ತಯಾರಿದ್ದರೆ ನೀವು ಅದೃಷ್ಟವಂತರು, ನಮ್ಮ ಮಳೆಯಲ್ಲಿ, ಯಾರದ್ದಾದರೂ ಖಾಲಿ ಬಿಟ್ಟ ಕೆಂಪುಕಲ್ಲಿನ ಕೋರೆಯಲ್ಲಿ ಒಪ್ಪಿಗೆ ಪಡೆದು ನಾಲ್ಕು ಗಂಟೆ ಓಡಿಸಿ. ಅಲ್ಲಿ ಉಳಿದದ್ದು ಪೀತಾಂಪುರದಲ್ಲೂ ಉಳಿಯುತ್ತದೆ.

ಪ್ರಶ್ನೆ: ಕ್ವಾಡ್ ಟಯರಿಗೆ ಗಾಳಿ ಎಷ್ಟು? 21×7-10 ಅಂತ ಬರೆದಿದೆ, ಅದೇನು? (ಬಾಯಾರಿನ ಓದುಗರು)

ಉತ್ತರ: ಎತ್ತರ 21 ಇಂಚು, ಅಗಲ 7, ರಿಮ್ 10. ಇದು ಮುಂದಿನ ಟಯರಿನ ಅಳತೆ, ಹಿಂದಿನದು ಸಾಧಾರಣ 20×10-9 ಇರುತ್ತದೆ.

ಗಾಳಿ ಕೇಳಿದ್ದು ಒಳ್ಳೆಯದಾಯಿತು. ಕಾರಿಗೆ 30 ಪಿಎಸ್‌ಐ ಹಾಕುವ ಹಾಗೆ ಇದಕ್ಕೆ ಹಾಕಿದರೆ ಗಾಡಿ ಚೆಂಡಿನ ಹಾಗೆ ಪುಟಿಯುತ್ತದೆ. ಸ್ಪೋರ್ಟ್ ಕ್ವಾಡ್‌ಗೆ ಬೇಕಾದ್ದು 4, 5 ಪಿಎಸ್‌ಐ ಅಷ್ಟೇ. ಕಲ್ಲು ಜಾಸ್ತಿ ಇದ್ದರೆ ಒಂದೆರಡು ಏರಿಸಬಹುದು, ಇಲ್ಲದಿದ್ದರೆ ರಿಮ್ಮಿಗೆ ಪೆಟ್ಟು. ಪೆಟ್ರೋಲ್ ಬಂಕಿನ ಮೀಟರು ಇಷ್ಟು ಕಡಿಮೆಯನ್ನು ಸರಿಯಾಗಿ ತೋರಿಸುವುದಿಲ್ಲ, ಕಡಿಮೆ ಗಾಳಿಗೆಂದೇ ಬರುವ ಬೇರೆ ಗೇಜು ತರಿಸಿಕೊಳ್ಳಿ. ಗುಡ್ಡೆಯಲ್ಲಿ ಗಾಳಿ ತುಂಬಲು ಸೈಕಲ್ ಪಂಪು ಸಾಕು. ಎಡ ಬಲ ಎರಡೂ ಹಿಂದಿನ ಟಯರುಗಳಲ್ಲಿ ಒಂದೇ ಸಮ ಇರಬೇಕು, ಒಂದೇ ಆಕ್ಸಲ್ ಅಲ್ವಾ, ಒಂದರಲ್ಲಿ ಕಡಿಮೆ ಆದರೆ ಗಾಡಿ ಆ ಕಡೆಗೇ ಎಳೆಯುತ್ತದೆ.

ಹಾಗೆಯೇ ಏರ್ ಫಿಲ್ಟರಿನದ್ದೂ ಹೇಳಿಬಿಡುತ್ತೇನೆ, ಯಾರೂ ಕೇಳಿಲ್ಲ ಆದರೂ. ನಮ್ಮ ಕೆಂಪು ಹುಡಿ ಎಂಜಿನ್ನಿಗೆ ಉಪ್ಪುಕಾಗದ ಇದ್ದ ಹಾಗೆ. ಸ್ಪಂಜಿನ ಫಿಲ್ಟರನ್ನು ಪ್ರತಿ ಸಲ ಓಡಿಸಿ ಬಂದ ಮೇಲೆ ತೊಳೆದು, ಒಣಗಿಸಿ, ಫಿಲ್ಟರ್ ಆಯಿಲ್ ಹಚ್ಚಿ ಹಾಕಬೇಕು. ಮುಂದಿನ ವಾರ ತೊಳೆಯೋಣ ಅಂದವರ ಪಿಸ್ಟನ್ ನನ್ನ ಗ್ಯಾರೇಜಿನ ಕಪಾಟಿನಲ್ಲಿ ಮೂರು ಇವೆ.

ಪ್ರಶ್ನೆ: ಕ್ವಾಡ್ ಬೈಕಿನಲ್ಲಿ ಕುಂಬಳೆ ಪೇಟೆಗೆ ಹೋಗಿ ಬರಬಹುದಾ? ಕ್ವಾಡ್ರಿಸೈಕಲ್‌ಗೆ ಸರಕಾರ ಪರ್ಮಿಶನ್ ಕೊಟ್ಟಿದೆಯಂತಲ್ಲ? (ಸೀತಾಂಗೋಳಿಯ ಓದುಗರು)

ಉತ್ತರ: ಅದು ಬೇರೆ, ಇದು ಬೇರೆ. 2018ರಲ್ಲಿ ಖಾಸಗಿ ಬಳಕೆಗೆ ಬಿಟ್ಟದ್ದು ಬಜಾಜ್ ಕ್ಯೂಟ್‌ನಂಥ, ಮಾಡು ಬಾಗಿಲು ಇರುವ ಸಣ್ಣ ಗಾಡಿಯನ್ನು. ನೋಂದಣಿ ಇಲ್ಲದ ರೇಸಿನ ಕ್ವಾಡ್‌ನಲ್ಲಿ ಪೇಟೆಗೆ ಹೋಗಬಹುದು, ಬರುವುದು ಬಸ್ಸಿನಲ್ಲಿ.

ಪ್ರಶ್ನೆ: ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ ಕ್ವಾಡ್ ಒಂದು ಇದೆ. ವಿಡಿಯೊದಲ್ಲಿ ಸ್ಟಾರ್ಟ್ ಮಾಡಿ ತೋರಿಸಿದರು, ಶಬ್ದ ಚೆನ್ನಾಗಿದೆ. ಅಡ್ವಾನ್ಸ್ ಕಳಿಸಲಾ? (ಮಂಜೇಶ್ವರದ ಓದುಗರು)

ಉತ್ತರ: ಕಳಿಸಬೇಡಿ, ಮೊದಲು ನನ್ನ ಕಥೆ ಕೇಳಿ.

ಹಲವು ವರ್ಷದ ಹಿಂದೆ ನಾನೂ ನನ್ನ ಭಾವನೂ ಸೇರಿ ಒಂದು 250 ಸಿಸಿಯದ್ದು ತೆಗೆದುಕೊಂಡೆವು. ಮಾರಿದವರು ಫಾರ್ಮ್ ಹೌಸಿನಲ್ಲಿ ಇಟ್ಟಿದ್ದರು, ತೊಳೆದು ಪಾಲಿಶ್ ಹಾಕಿ ಮದುಮಗನ ಹಾಗೆ ನಿಲ್ಲಿಸಿದ್ದರು. ಒಂದೇ ಕಿಕ್ಕಿಗೆ ಸ್ಟಾರ್ಟ್. ನಾನು ಮೆಕ್ಯಾನಿಕ್ ಆಗಿಯೂ ಆ ಶಬ್ದಕ್ಕೆ ಬಿದ್ದೆ, ಕೆಳಗೆ ಬಗ್ಗಿ ನೋಡಲಿಲ್ಲ. ಊರಿಗೆ ತಂದು ಹಿಂದಿನ ಭಾಗ ಜಾಕಿಯಲ್ಲಿ ಎತ್ತಿ ಚಕ್ರ ತಿರುಗಿಸಿದರೆ ಹಳೆ ಗ್ರೈಂಡರ್ ಕಲ್ಲಿನ ಹಾಗೆ ಓಲಾಡುತ್ತಿತ್ತು. ಆಕ್ಸಲ್ ಬಾಗಿತ್ತು. ಬೇರಿಂಗ್ ಸತ್ತಿತ್ತು. ಫುಟ್‌ರೆಸ್ಟ್ ಹತ್ತಿರ ಫ್ರೇಮಿಗೆ ಬಿರುಕು ಬಿಟ್ಟಿದ್ದನ್ನು ಬೆಸೆದು ಮೇಲೆ ಪೇಂಟು ಹೊಡೆದಿದ್ದರು. ಆಕ್ಸಲ್ ತರಿಸಲು ಐದು ತಿಂಗಳು, ಅಷ್ಟರಲ್ಲಿ ಮಳೆಗಾಲ ಬಂತು, ಭಾವ ಮಾತು ಬಿಟ್ಟ.

ಹಾಗಾಗಿ ಹೋಗಿ ನೋಡಿ, ತಣ್ಣಗಿರುವ ಎಂಜಿನನ್ನೇ ಸ್ಟಾರ್ಟ್ ಮಾಡಿಸಿ. ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ಯಾಕೆ ಅಂತ ಕೇಳಿ. ರೇಸಿನ 450ಗಳಲ್ಲಿ ಟೈಟಾನಿಯಂ ವಾಲ್ವು ಸವೆದರೆ ಕ್ಲಿಯರೆನ್ಸ್ ಕಡಿಮೆಯಾಗುತ್ತಾ ಬಂದು ತಣ್ಣಗಿದ್ದಾಗ ಸ್ಟಾರ್ಟ್ ಆಗಲು ಸತಾಯಿಸುತ್ತದೆ, ಬಿಸಿಯಾದ ಮೇಲೆ ಹೇಗೋ ನಡೆಯುತ್ತದೆ. ಆ ರಿಪೇರಿ ಅಗ್ಗದ್ದಲ್ಲ. ಹಿಂದಿನಿಂದ ಎತ್ತಿಸಿ ಚಕ್ರ ತಿರುಗಿಸಿ, ರಿಮ್ಮನ್ನಲ್ಲ, ಆಕ್ಸಲನ್ನು ನೋಡಿ. ಮುಂದಿನ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ, ಟಕ್ ಟಕ್ ಅಂದರೆ ಬಾಲ್ ಜಾಯಿಂಟ್ ಹೋಗಿದೆ. ಮುಂದಿನ ಚಕ್ರವನ್ನು ಹಿಡಿದಿರುವ ಎ ಆರ್ಮ್ ಫ್ರೇಮಿಗೆ ಸೇರುವಲ್ಲಿ ಟಾರ್ಚು ಬಿಟ್ಟು ಬಿರುಕು ಹುಡುಕಿ, ಹೊಸ ಪೇಂಟು ಕಂಡರೆ ಉಗುರಲ್ಲಿ ಕೆರೆದು ನೋಡಿ, ಮಾರುವವರಿಗೆ ಬೇಜಾರಾದರೆ ಆಗಲಿ.

ಕಾಲಿಡುವ ಜಾಗದ ಹೊರಗೆ ಬಲೆ ಕಟ್ಟಿದ ಕಬ್ಬಿಣದ ಬಾರ್ ಇದೆಯಾ ನೋಡಿ, ನರ್ಫ್ ಬಾರ್ ಅನ್ನುತ್ತಾರೆ. ಕಾಲು ಜಾರಿ ಹಿಂದಿನ ಚಕ್ರದಡಿ ಹೋಗದಂತೆ ತಡೆಯುವುದು ಅದೇ, ರೇಸಿನಲ್ಲಿ ಅದಿಲ್ಲದೆ ಬಿಡುವುದೂ ಇಲ್ಲ. ಕೈಗೆ ಕಟ್ಟುವ ದಾರದ ಕಿಲ್ ಸ್ವಿಚ್ ಕೂಡ ಇರಬೇಕು, ನೀವು ಬಿದ್ದ ತಕ್ಷಣ ಎಂಜಿನ್ ನಿಲ್ಲುವ ಹಾಗೆ. ಒಮ್ಮೆ ಎಳೆದು ನೋಡಿ, ನಿಲ್ಲುತ್ತದಾ ಅಂತ.

ನಿಮ್ಮ ತೂಕ ನೀವು ಬರೆದಿಲ್ಲ. ಕಂಪನಿಯ ಸ್ಪ್ರಿಂಗು ಸಾಧಾರಣ 75, 80 ಕೆಜಿಯವರಿಗೆ ಹೊಂದುವ ಹಾಗಿರುತ್ತದೆ. ನೀವು ಹತ್ತಿ ಕೂತಾಗ ಗಾಡಿ ತನ್ನ ಪೂರ್ತಿ ಏರಿಳಿತದ ಮೂರರಲ್ಲಿ ಒಂದು ಭಾಗದಷ್ಟು ಇಳಿಯಬೇಕು. ಸ್ನೇಹಿತರೊಬ್ಬರ ಕೈಗೆ ಟೇಪು ಕೊಡಿ, ಚಕ್ರ ನೆಲ ಬಿಟ್ಟಿದ್ದಾಗ ಒಂದು ಅಳತೆ, ನೀವು ಬೂಟು ಹೆಲ್ಮೆಟ್ಟು ಹಾಕಿ ಕೂತಾಗ ಒಂದು ಅಳತೆ. ಅರ್ಧಕ್ಕೆ ಅರ್ಧ ಇಳಿದರೆ ಸ್ಪ್ರಿಂಗು ಬದಲಿಸುವ ಖರ್ಚನ್ನೂ ಬೆಲೆಯಲ್ಲಿ ಕಳೆಯಿರಿ.

ಕಾಗದ ಕೊನೆಗೆ ನೋಡುವುದಲ್ಲ, ಹೊರಡುವ ಮೊದಲೇ ಫೋಟೊ ಕಳಿಸಲು ಹೇಳಿ. ಹೊರದೇಶದ ಗಾಡಿ ಆದರೆ ಕಸ್ಟಮ್ಸ್‌ನ ಬಿಲ್ ಆಫ್ ಎಂಟ್ರಿ ಬೇಕು, ಅದರಲ್ಲಿರುವ ಚಾಸಿ ನಂಬರು ಫ್ರೇಮಿನ ಮೇಲೆ ಕೊರೆದದ್ದಕ್ಕೆ ತಾಳೆಯಾಗಬೇಕು. ಬಿಲ್ಲು ಮನೆಯಲ್ಲೆಲ್ಲೋ ಇದೆ, ಹುಡುಕಿ ಆಮೇಲೆ ಕಳಿಸುತ್ತೇನೆ ಅಂತ ಅವರು ಹೇಳಬಹುದು. ಹುಡುಕಲಿ. ಸಿಕ್ಕಿದ ದಿವಸ ನೀವು ರೈಲು ಹತ್ತಿದರೆ ಸಾಕು.